ಒಂದೊಂದು ಆ್ಯಪ್‌ಗೆ ಒಂದೊಂದು ಸ್ಲೈಡರ್: ವಾಲ್ಯೂಮ್ ಪೆಟ್ಟಿಗೆ ಕಟ್ಟಿದ ಬಗೆ

ಕಂಪ್ಯೂಟರಿನಲ್ಲಿ ಹಾಡು ಓಡುತ್ತಿದೆ, ಅಷ್ಟರಲ್ಲಿ ಕಾಲ್ ಬಂತು ಅಂದುಕೊಳ್ಳಿ. ಆಚೆಯವರ ದನಿ ಸಣ್ಣದು, ಹಾಡು ಜೋರು. ಕೀಬೋರ್ಡಿನ ವಾಲ್ಯೂಮ್ ಕೀ ಒತ್ತಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಮಿಕ್ಸರ್ ಕಿಟಕಿ ತೆರೆದು, ಸರಿಯಾದ ಸಾಲು ಹುಡುಕಿ, ಮೌಸ್‌ನಿಂದ ಸಣ್ಣ ಗೆರೆಯನ್ನು ಎಳೆಯುವಷ್ಟರಲ್ಲಿ ಅರ್ಧ ಮಾತು ಮುಗಿದಿರುತ್ತದೆ.

ಇದಕ್ಕೆ ಅಂತ ಕಟ್ಟಿದ್ದು ಐದು ಸ್ಲೈಡರ್ ಇರುವ ಒಂದು ಪುಟ್ಟ ಪೆಟ್ಟಿಗೆ. ಯುಎಸ್‌ಬಿ ಕೇಬಲ್ ಒಂದೇ, ಕೀಬೋರ್ಡಿನ ಪಕ್ಕದಲ್ಲಿ ಕೂರುತ್ತದೆ. ಒಂದು ಸ್ಲೈಡರ್ ಇಡೀ ಕಂಪ್ಯೂಟರಿನ ದನಿಗೆ, ಒಂದು ಕಾಲ್‌ಗೆ, ಒಂದು ಬ್ರೌಸರ್‌ಗೆ, ಒಂದು ಹಾಡಿಗೆ, ಕೊನೆಯದು ಉಳಿದದ್ದೆಲ್ಲದಕ್ಕೆ.

ಶುರು ಮಾಡುವ ಮೊದಲೇ ಒಂದು ನಿಯಮ ಹಾಕಿಕೊಂಡೆ: ಸ್ಲೈಡರ್ ಎಲ್ಲಿ ನಿಂತಿದೆಯೋ ದನಿಯೂ ಅಲ್ಲೇ ನಿಲ್ಲಬೇಕು. ಆ್ಯಪ್ ಮುಚ್ಚಿ ತೆರೆದರೂ, ಕಂಪ್ಯೂಟರ್ ರೀಸ್ಟಾರ್ಟ್ ಆದರೂ, ಬೇರೆ ಯಾರೋ ಮೌಸ್‌ನಿಂದ ಎಳೆದರೂ ಪೆಟ್ಟಿಗೆ ತೋರಿಸುವುದೇ ನಿಜ ಆಗಬೇಕು. ಬೆಸುಗೆ ಹಾಕುವುದು, ಡಬ್ಬಿ ಕೊರೆಯುವುದು ಸುಲಭದ ಕೆಲಸ. ಹೆಚ್ಚು ಹೊತ್ತು ಹಿಡಿದದ್ದು ಈ ನಿಯಮವನ್ನು ಉಳಿಸಿಕೊಳ್ಳುವುದಕ್ಕೆ.

ಸಿಸ್ಟಮ್‌ನಲ್ಲಿ ಮೊದಲೇ ಏನಿದೆ

ಆ್ಯಪ್‌ಗೊಂದು ವಾಲ್ಯೂಮ್ ಅನ್ನುವುದು ಹೊಸದೇನಲ್ಲ. ವಿಂಡೋಸ್‌ನಲ್ಲಿ 2007ರ ವಿಸ್ಟಾದಿಂದಲೇ ವಾಲ್ಯೂಮ್ ಮಿಕ್ಸರ್ ಇದೆ. ಅದರ ಹಿಂದಿನ ಎಕ್ಸ್‌ಪಿಯಲ್ಲಿ ವೇವ್, ಸಿಡಿ, ಲೈನ್ ಇನ್ ಅಂತ ದನಿ ಬರುವ ದಾರಿಗೊಂದು ಗೆರೆ ಇತ್ತು ಅಷ್ಟೇ, ಯಾವ ಆ್ಯಪ್ ಅನ್ನುವ ಲೆಕ್ಕ ಇರಲಿಲ್ಲ. ಲಿನಕ್ಸ್‌ನಲ್ಲಿ ಪಲ್ಸ್‌ಆಡಿಯೋ ಈ ಕೆಲಸ ಮಾಡುತ್ತಿತ್ತು. ಈಗ ಹೆಚ್ಚಿನ ಕಡೆ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಫೆಡೋರಾದಲ್ಲಿ 2021ರ 34ನೇ ಆವೃತ್ತಿಯಿಂದ, ಉಬುಂಟುವಿನಲ್ಲಿ 22.10ರಿಂದ ಅದೇ ಡೀಫಾಲ್ಟ್. ಪೈಪ್‌ವೈರ್ ಪಲ್ಸ್‌ಆಡಿಯೋದ ಭಾಷೆಯನ್ನೇ ಮಾತಾಡುತ್ತದೆ, ಹಾಗಾಗಿ ಪಲ್ಸ್‌ಗೆ ಬರೆದ ಸ್ಕ್ರಿಪ್ಟ್ ಅಲ್ಲೂ ಓಡುತ್ತದೆ. ಮ್ಯಾಕ್‌ನಲ್ಲಿ ಮಾತ್ರ ಸಿಸ್ಟಮ್ ಜೊತೆಗೇ ಬರುವ ಇಂಥ ಮಿಕ್ಸರ್ ಇಲ್ಲ. ಅಲ್ಲಿನವರು ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ತರಹದ ಹೊರಗಿನ ತಂತ್ರಾಂಶ ಹಾಕಿಕೊಳ್ಳಬೇಕು.

ಅಂದರೆ ಒಳಗೆ ಸೌಲಭ್ಯ ಇದ್ದೇ ಇದೆ, ಕೈಗೆ ಸಿಗುವ ಹಿಡಿ ಇಲ್ಲ ಅಷ್ಟೇ. ರೆಡಿಮೇಡ್ ದಾರಿ ಬೇಕಿದ್ದವರಿಗೆ ಡೀಜ್ ಎಂಬ ಓಪನ್ ಸೋರ್ಸ್ ಯೋಜನೆ ಇದೆ: ಆರ್ಡುಯಿನೋ ಎಂಬ ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಬೋರ್ಡ್, ಕೆಲವು ಸ್ಲೈಡರ್, ಒಂದು ಸೆಟ್ಟಿಂಗ್ ಫೈಲ್. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಅಂಕಿ ಕಳಿಸುವ ರೀತಿಯನ್ನು ನಾನು ಅದರಿಂದಲೇ ತೆಗೆದುಕೊಂಡೆ. ಕಂಪ್ಯೂಟರ್ ಕಡೆಯ ಸ್ಕ್ರಿಪ್ಟ್ ಮಾತ್ರ ಲಿನಕ್ಸ್‌ಗೆ ಅಂತ ಪೈಥಾನ್‌ನಲ್ಲಿ ಸ್ವಂತ ಬರೆದೆ. ಮೇಲಿನ ನಿಯಮವನ್ನು ನನಗೆ ಬೇಕಾದಷ್ಟು ಬಿಗಿಯಾಗಿ ಹಾಕಬೇಕಿತ್ತು.

ಸಾಮಾನು

ಆರ್ಡುಯಿನೋ ನ್ಯಾನೋ ಒಂದು. ಐದು ಸ್ಲೈಡ್ ಪೊಟೆನ್ಶಿಯೋಮೀಟರ್, ಅಂದರೆ ಉದ್ದಕ್ಕೆ ಎಳೆಯುವ ಪಾಟ್‌ಗಳು, 10 ಕಿಲೋಓಮ್, ಹಿಡಿ ಓಡುವ ಉದ್ದ 60 ಮಿಲಿಮೀಟರ್. 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಐದು. ತೆಳ್ಳನೆ ವೈರ್, ಒಂದು ಪ್ಲಾಸ್ಟಿಕ್ ಡಬ್ಬಿ. ಯುಎಸ್‌ಬಿ ಕೇಬಲ್ ಡೇಟಾ ಹೋಗುವಂಥದ್ದೇ ಇರಲಿ. ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್ ಹಾಕಿದರೆ ಬೋರ್ಡಿನ ದೀಪ ಹತ್ತುತ್ತದೆ, ಆದರೆ ಕಂಪ್ಯೂಟರಿಗೆ ಏನೂ ಕಾಣುವುದಿಲ್ಲ.

ಪಾಟ್ ಆರಿಸುವಾಗ ಅದರ ಮೈಮೇಲಿನ ಅಕ್ಷರ ನೋಡಿ. ಇಂಗ್ಲಿಷಿನ ಬಿ ಅಕ್ಷರ ಇದ್ದು 10ಕೆ ಎಂದಿದ್ದರೆ ಅದು ಲೀನಿಯರ್: ಹಿಡಿ ಸರಿದಷ್ಟೇ ಪ್ರಮಾಣದಲ್ಲಿ ಓಮ್ ಬದಲಾಗುತ್ತದೆ. ಎ ಅಕ್ಷರ ಇದ್ದರೆ ಸಾಮಾನ್ಯವಾಗಿ ಆಡಿಯೋ ಟೇಪರ್, ಅಂದರೆ ಲಾಗ್ ಪಾಟ್: ಓಮ್ ಮೊದಲು ನಿಧಾನವಾಗಿ, ಆಮೇಲೆ ಬೇಗ ಏರುತ್ತದೆ. ಆಡಿಯೋ ಅಂತ ಹೆಸರಿರುವುದರಿಂದ ಅದೇ ಬೇಕು ಅನ್ನಿಸುತ್ತದೆ, ಅಲ್ವಾ? ಇಲ್ಲಿ ಬೇಕಾದದ್ದು ಬಿ. ಯಾಕೆ ಅನ್ನುವುದು ಡೆಸಿಬೆಲ್ ಲೆಕ್ಕ ಬಂದಾಗ ಗೊತ್ತಾಗುತ್ತದೆ.

ಅಕ್ಷರವನ್ನೇ ನಂಬಬೇಕಾಗಿಲ್ಲ, ಮಲ್ಟಿಮೀಟರ್ ಇದ್ದರೆ ಒಂದು ನಿಮಿಷದ ಕೆಲಸ. ಎರಡು ತುದಿಯ ಪಿನ್‌ಗಳ ನಡುವೆ ಅಳೆಯಿರಿ, ಹತ್ತಿರ ಹತ್ತಿರ 10 ಕಿಲೋಓಮ್ ಬರಬೇಕು. ಹಿಡಿಯನ್ನು ಸರಿಯಾಗಿ ನಡುವಿಗೆ ತನ್ನಿ. ಹಿಡಿಯ ಜೊತೆ ಸರಿಯುವ ಸಂಪರ್ಕದ, ಅಂದರೆ ವೈಪರ್‌ನ, ಪಿನ್ನಿಂದ ಒಂದು ತುದಿಗೆ ಸುಮಾರು 5 ಕಿಲೋಓಮ್ ಬಂದರೆ ಲೀನಿಯರ್. ಒಂದು ತುದಿಗೆ ಒಂದೂವರೆ ಕಿಲೋಓಮ್ ಆಸುಪಾಸು, ಇನ್ನೊಂದಕ್ಕೆ ಎಂಟೂವರೆ ಬಂದರೆ ಲಾಗ್. ಆಮೇಲೆ ಹಿಡಿಯನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಎಳೆಯುತ್ತಾ ಮೀಟರ್ ನೋಡಿ. ಅಂಕಿ ಎಲ್ಲೂ ನೆಗೆಯಬಾರದು. ನೆಗೆದರೆ ಆ ಪಾಟ್ ಪಕ್ಕಕ್ಕಿಡಿ, ಪೆಟ್ಟಿಗೆ ಮುಚ್ಚಿದ ಮೇಲೆ ಅದೇ ಜಾಗದಲ್ಲಿ ದನಿಯೂ ನೆಗೆಯುತ್ತದೆ.

ಪಾಟ್ 10ಕ್ಕೆ ಬದಲು 9 ಅಥವಾ 11 ಕಿಲೋಓಮ್ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ನ್ಯಾನೋ ಅಳೆಯುವುದು ಓಮ್ ಅಲ್ಲ. ಪಾಟ್‌ನ ಎರಡು ತುದಿಗೆ 5 ವೋಲ್ಟ್ ಮತ್ತು ಗ್ರೌಂಡ್ ಕೊಟ್ಟಿರುತ್ತೇವೆ, ವೈಪರ್ ಆ 5 ವೋಲ್ಟ್‌ನಲ್ಲಿ ಎಷ್ಟನೇ ಪಾಲಿನಲ್ಲಿದೆ ಅನ್ನುವುದನ್ನಷ್ಟೇ ಅದು ನೋಡುತ್ತದೆ. ಯುಎಸ್‌ಬಿಯ 5 ವೋಲ್ಟ್ 4.8ಕ್ಕೆ ಇಳಿದರೂ ತೊಂದರೆಯಿಲ್ಲ, ಅಳೆಯುವ ಕೋಲೂ ಅದೇ 4.8 ಆಗಿರುತ್ತದೆ. ತುಂಬಾ ಅಚ್ಚುಕಟ್ಟಾದ ಏರ್ಪಾಡು ಇದು.

ಹಾಗಿದ್ದರೆ 10 ಕಿಲೋಓಮೇ ಯಾಕೆ? ನ್ಯಾನೋದ ಎಟಿಮೆಗಾ328ಪಿ ಚಿಪ್‌ನ ಅನಲಾಗ್ ಪಿನ್‌ಗೆ ಬರುವ ಸಿಗ್ನಲ್‌ನ ಮೂಲದ ರೋಧ 10 ಕಿಲೋಓಮ್ ಅಥವಾ ಕಡಿಮೆ ಇರಲಿ ಅಂತ ಡೇಟಾಶೀಟ್ ಹೇಳುತ್ತದೆ. 10 ಕಿಲೋಓಮ್ ಪಾಟ್ ಯಾವ ಜಾಗದಲ್ಲಿದ್ದರೂ ಅದು ಎರಡೂವರೆ ಕಿಲೋಓಮ್ ದಾಟುವುದಿಲ್ಲ. 100 ಕಿಲೋಓಮ್ ಪಾಟ್ ಆದರೆ ನಡುವಿನಲ್ಲಿ 25 ಆಗುತ್ತದೆ. ಆಗ ಚಿಪ್ಪಿನೊಳಗಿನ ಸಣ್ಣ ಕೆಪಾಸಿಟರ್ ಸಮಯಕ್ಕೆ ತುಂಬದೆ, ಹಿಂದಿನ ಪಿನ್ನಿನ ಅಳತೆಯ ಛಾಯೆ ಮುಂದಿನದಕ್ಕೆ ಬೀಳಬಹುದು. ಒಂದು ಸ್ಲೈಡರ್ ಸರಿಸಿದರೆ ಪಕ್ಕದ್ದೂ ಅಲುಗಿದಂತೆ ಕಾಣುವುದು ಇದರಿಂದಲೇ. 1 ಕಿಲೋಓಮ್ ಹಾಕಿದರೆ ಕೆಲಸ ನಡೆಯುತ್ತದೆ, ಆದರೆ ಒಂದೊಂದು ಪಾಟ್ ಸುಮ್ನೆ 5 ಮಿಲಿಆಂಪ್ ತಿನ್ನುತ್ತದೆ.

ಬೆಸುಗೆ ಮತ್ತು ಡಬ್ಬಿ

ಐದೂ ಪಾಟ್‌ಗಳ ಒಂದೇ ಕಡೆಯ ತುದಿಗಳನ್ನು ಒಂದು ವೈರ್‌ನಲ್ಲಿ ಪೋಣಿಸಿ 5 ವೋಲ್ಟ್ ಪಿನ್ನಿಗೆ, ಇನ್ನೊಂದು ಕಡೆಯ ತುದಿಗಳನ್ನು ಹಾಗೇ ಪೋಣಿಸಿ ಗ್ರೌಂಡ್‌ಗೆ. ವೈಪರ್‌ಗಳು ಒಂದೊಂದಾಗಿ ಎ0, ಎ1, ಎ2, ಎ3 ಮತ್ತು ಎ6ಕ್ಕೆ. ಎ4, ಎ5 ಬಿಟ್ಟದ್ದು ಬೇಕೆಂದೇ. ಮುಂದೆ ಪುಟ್ಟ ಪರದೆ ಸೇರಿಸುವುದಾದರೆ ಐಸ್ಕ್ವೇರ್‌ಸಿ ಸಂಪರ್ಕಕ್ಕೆ ಬೇಕಾಗುವುದು ಅವೆರಡೇ ಪಿನ್. ಎ6 ಮತ್ತು ಎ7 ನ್ಯಾನೋದಲ್ಲಿ ಅನಲಾಗ್ ಓದುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ, ಹಾಗಾಗಿ ಅವನ್ನು ಮೊದಲು ಬಳಸುವುದು ಲಾಭ.

ಕೆಪಾಸಿಟರ್‌ಗಳನ್ನು ವೈಪರ್ ಮತ್ತು ಗ್ರೌಂಡ್ ನಡುವೆ ಹಾಕಬೇಕು, ಪಾಟ್ ಹತ್ತಿರ ಅಲ್ಲ, ನ್ಯಾನೋದ ಪಿನ್ ಹತ್ತಿರ. ವೈರ್ ಹಿಡಿದು ತರುವ ಗದ್ದಲ ಪಿನ್ ಬಾಗಿಲಲ್ಲೇ ತಡೆಯಲ್ಪಡುತ್ತದೆ. ಎರಡೂವರೆ ಕಿಲೋಓಮ್‌ಗೆ 100 ನ್ಯಾನೋಫ್ಯಾರಡ್ ಅಂದರೆ ಕಾಲು ಮಿಲಿಸೆಕೆಂಡಿನ ತಡ, ಕೈಗೆ ಗೊತ್ತೇ ಆಗುವುದಿಲ್ಲ. ಪಾಟ್‌ನ ಲೋಹದ ಮೈಗೂ ಒಂದು ವೈರ್ ಹಾಕಿ ಗ್ರೌಂಡ್‌ಗೆ ಸೇರಿಸಿ. ಹಿಡಿಯ ಲೋಹದ ನಾಲಿಗೆಯನ್ನು ಬೆರಳು ಮುಟ್ಟಿದಾಗ ಅಂಕಿ ನಡುಗುವುದು ಇದರಿಂದ ಕಡಿಮೆಯಾಗುತ್ತದೆ.

ಬೆಸುಗೆ ಹಾಕುವಾಗ ಕಬ್ಬಿಣವನ್ನು ಪಿನ್ ಮೇಲೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಇಡಬೇಡಿ. ಪಿನ್ ಕೂತಿರುವುದು ಪ್ಲಾಸ್ಟಿಕ್ ಅಥವಾ ತೆಳು ಹಾಳೆಯ ಮೇಲೆ, ಅದು ಸಡಿಲವಾದರೆ ಪಾಟ್ ಕೆಟ್ಟಂತೆಯೇ.

ಡಬ್ಬಿಯ ಮುಚ್ಚಳದಲ್ಲಿ ಉದ್ದನೆ ಸೀಳು ಕೊರೆಯುವುದಕ್ಕೆ ನೆಟ್ಟಗಿನ ದಾರಿ ಎಂದರೆ ಕಾಗದದ ಮೇಲೆ ಅಳತೆ ಬರೆದು ಮುಚ್ಚಳಕ್ಕೆ ಅಂಟಿಸುವುದು, ಸೀಳಿನ ಎರಡು ತುದಿಯಲ್ಲಿ ಡ್ರಿಲ್‌ನಿಂದ ತೂತು ಹಾಕುವುದು, ನಡುವಿನದನ್ನು ಚಾಕುವಿನಿಂದ ತೆಗೆದು ಚಪ್ಪಟೆ ಅರದಿಂದ ಉಜ್ಜುವುದು. ಸ್ಲೈಡರ್‌ಗಳ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಇರಲಿ, ಒಂದನ್ನು ಎಳೆಯುವಾಗ ಪಕ್ಕದ್ದಕ್ಕೆ ಬೆರಳು ತಾಗಬಾರದು. ಪಾಟ್ ಹಿಡಿದಿಡುವ ಸ್ಕ್ರೂ ಮಾತ್ರ ಗಿಡ್ಡದೇ ಬೇಕು. ಉದ್ದ ಸ್ಕ್ರೂ ಹಾಕಿದರೆ ಪಾಟ್‌ನ ಒಳಗೇ ನುಗ್ಗಿ ಹಿಡಿ ತುದಿಯವರೆಗೆ ಹೋಗದಂತೆ ಅಡ್ಡ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ಸ್ಲೈಡರ್ ಪೂರ್ತಿ ಮೇಲಿದ್ದರೂ ಅಂಕಿ 950ರಲ್ಲೇ ನಿಂತುಬಿಟ್ಟರೆ ಮೊದಲು ಆ ಸ್ಕ್ರೂ ಬಿಚ್ಚಿ ನೋಡಿ.

ನ್ಯಾನೋದೊಳಗಿನ ಕೋಡ್

ಇದು ಚಿಕ್ಕದು. ಪ್ರತಿ ಪಿನ್ ಓದು, ಐದು ಅಂಕಿಗಳನ್ನು ನಡುವೆ ಗೀಟು ಹಾಕಿ ಒಂದು ಸಾಲಾಗಿ ಕಳಿಸು. ಅಷ್ಟೇ. ಸಾಲು ಹೀಗಿರುತ್ತದೆ:

812|1023|0|455|600

ಚಿಪ್‌ನ ಅಳತೆ 10 ಬಿಟ್, ಹಾಗಾಗಿ ಅಂಕಿ 0ಯಿಂದ 1023ರವರೆಗೆ. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಇಷ್ಟು ಸಣ್ಣ ಮೆಟ್ಟಿಲಾದ್ದರಿಂದ ಕೈ ಮುಟ್ಟದಿದ್ದರೂ ಅಂಕಿ ಸುಮ್ಮನಿರುವುದಿಲ್ಲ. 511, 512, 511, 513 ಅಂತ ಕುಣಿಯುತ್ತಲೇ ಇರುತ್ತದೆ. ಹಾಗೇ ಕಂಪ್ಯೂಟರಿಗೆ ಬಿಟ್ಟರೆ ಶೇಕಡ 49 ಮತ್ತು 50ರ ನಡುವೆ ವಾಲ್ಯೂಮ್ ದಿನವಿಡೀ ಓಲಾಡುತ್ತದೆ.

ಮೂರು ಉಪಾಯ ಸೇರಿಸಿದೆ. ಪಿನ್ ಬದಲಿಸಿದ ಕೂಡಲೇ ಬಂದ ಮೊದಲ ಓದನ್ನು ಬಿಸಾಕುವುದು. ಆಮೇಲೆ 16 ಸಲ ಓದಿ ಸರಾಸರಿ ತೆಗೆಯುವುದು. ಕೊನೆಗೆ, ಹಿಂದೆ ಕಳಿಸಿದ ಅಂಕಿಗಿಂತ 4 ಅಥವಾ ಜಾಸ್ತಿ ವ್ಯತ್ಯಾಸ ಬಂದರೆ ಮಾತ್ರ ಹೊಸ ಅಂಕಿ ಒಪ್ಪುವುದು. ಈ ಕೊನೆಯದೇ ನಿಜವಾದ ಮದ್ದು. ಬರೀ ಸರಾಸರಿಯಿಂದ ಕುಣಿತ ಸಣ್ಣದಾಗುತ್ತದೆ, ನಿಲ್ಲುವುದಿಲ್ಲ. ಆದರೆ ಇದರ ಜೊತೆಗೆ ತುದಿಗಳನ್ನೂ ನೋಡಿಕೊಳ್ಳಬೇಕು. ಹಿಡಿ ಪೂರ್ತಿ ಕೆಳಗೆ ಬಂದರೂ ಒಪ್ಪಿದ ಅಂಕಿ 3ರಲ್ಲೇ ಉಳಿದುಬಿಡಬಹುದು, 0 ಆಗದೇ ಇರಬಹುದು. ಅದಕ್ಕೇ 6ಕ್ಕಿಂತ ಕಡಿಮೆ ಬಂದರೆ ನೇರ 0, 1017ಕ್ಕಿಂತ ಜಾಸ್ತಿ ಬಂದರೆ ನೇರ 1023.

9600 ಬಾಡ್ ವೇಗ ಸಾಕು. ಅಲ್ಲಿ ಸೆಕೆಂಡಿಗೆ 960 ಅಕ್ಷರ ಹೋಗುತ್ತವೆ, ನಮ್ಮ ಅತಿ ಉದ್ದದ ಸಾಲು 26 ಅಕ್ಷರ. ಸೆಕೆಂಡಿಗೆ 20 ಸಾಲು ಕಳಿಸಿದರೂ ಜಾಗ ಉಳಿಯುತ್ತದೆ, ಕೈಯ ವೇಗಕ್ಕೆ 20 ಧಾರಾಳ. ಏನೂ ಬದಲಾಗದಿದ್ದರೂ ಸೆಕೆಂಡಿಗೊಂದು ಸಾಲು ಕಳಿಸುತ್ತೇನೆ. ಸ್ಕ್ರಿಪ್ಟ್ ಯಾವಾಗ ಶುರುವಾದರೂ ಒಂದು ಸೆಕೆಂಡಿನೊಳಗೆ ಎಲ್ಲ ಸ್ಲೈಡರ್‌ಗಳ ಜಾಗ ಅದಕ್ಕೆ ಗೊತ್ತಾಗಿಬಿಡುತ್ತದೆ.

ಕಂಪ್ಯೂಟರಿಗೆ ಸೇರಿಸುವಾಗ

ನ್ಯಾನೋದ ಅಗ್ಗದ ತದ್ರೂಪುಗಳಲ್ಲಿ ಸಾಮಾನ್ಯವಾಗಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುತ್ತದೆ. ಉಬುಂಟು 22.04ರಲ್ಲಿ ಇದಕ್ಕೊಂದು ಕಿರಿಕಿರಿ ಇದೆ. ಬೋರ್ಡ್ ಸಿಕ್ಕಿಸಿದ ಕೂಡಲೇ ಪೋರ್ಟ್ ಕಾಣಿಸಿಕೊಂಡು ಮರುಗಳಿಗೆಯಲ್ಲೇ ಮಾಯವಾಗುತ್ತದೆ. ಡಿಮೆಸೇಜ್, ಅಂದರೆ ಸಿಸ್ಟಮ್‌ನ ದಾಖಲೆ, ತೆಗೆದು ನೋಡಿದರೆ ಕಾರಣ ಅಲ್ಲೇ ಬರೆದಿರುತ್ತದೆ: ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಆ ಚಿಪ್ಪನ್ನು ಬ್ರೈಲ್ ಸಾಧನ ಎಂದುಕೊಂಡು ಹಿಡಿದುಕೊಂಡಿರುತ್ತದೆ. ಕಣ್ಣು ಕಾಣದವರಿಗೆ ಅದು ಬಹಳ ಮುಖ್ಯವಾದ ತಂತ್ರಾಂಶ. ಹಾಗಾಗಿ ಆ ಕಂಪ್ಯೂಟರಿನಲ್ಲಿ ಬ್ರೈಲ್ ಸಾಧನ ಯಾರೂ ಬಳಸುವುದಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ಅದನ್ನು ತೆಗೆಯಿರಿ. ಇಲ್ಲದಿದ್ದರೆ ಸಿಕ್ಕಿಸಿದ ಸಾಧನ ಗುರುತಿಸುವ ಯುಡೆವ್ ನಿಯಮದಲ್ಲಿ ಈ ಚಿಪ್‌ನ ಸಂಖ್ಯೆ ಇರುವ ಸಾಲನ್ನಷ್ಟೇ ನಿಲ್ಲಿಸಬಹುದು.

ಪೋರ್ಟ್ ಓದುವುದಕ್ಕೆ ನಿಮ್ಮ ಖಾತೆ ಡಯಲ್‌ಔಟ್ ಗುಂಪಿನಲ್ಲಿರಬೇಕು. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬನ್ನಿ, ಅಲ್ಲಿಯವರೆಗೆ ಅದು ಜಾರಿಗೆ ಬರುವುದಿಲ್ಲ. ಪೋರ್ಟ್ ಹೆಸರನ್ನು ಟಿಟಿವೈಯುಎಸ್‌ಬಿ0 ಅಂತ ಸ್ಕ್ರಿಪ್ಟಿನಲ್ಲಿ ಬರೆಯಬೇಡಿ. ಬೇರೆ ಸಾಧನ ಮೊದಲು ಸಿಕ್ಕಿಸಿದರೆ ಇದು 1 ಆಗಿಬಿಡುತ್ತದೆ. ಡೆವ್ ಫೋಲ್ಡರಿನ ಸೀರಿಯಲ್ ಕೆಳಗೆ ಬೈ-ಐಡಿ ಅಂತ ಇದೆ, ಅಲ್ಲಿನ ಹೆಸರು ಬದಲಾಗುವುದಿಲ್ಲ.

ಪೋರ್ಟ್ ತೆರೆದಾಗ ನ್ಯಾನೋ ತಾನೇ ರೀಸೆಟ್ ಆಗುತ್ತದೆ, ಮಾತು ಶುರು ಮಾಡುವುದಕ್ಕೆ ಒಂದೆರಡು ಸೆಕೆಂಡ್ ಬೇಕು. ಮೊದಲ ಸಾಲು ಅರ್ಧಂಬರ್ಧ ಬರಬಹುದು. ಸಾಲಿನಲ್ಲಿ ಸರಿಯಾಗಿ ಐದು ಅಂಕಿ ಇಲ್ಲದಿದ್ದರೆ ಸ್ಕ್ರಿಪ್ಟ್ ಅದನ್ನು ಬಿಟ್ಟು ಮುಂದೆ ಹೋಗಲಿ.

ಯಾವ ದನಿ ಯಾರದು?

ಇಡೀ ಕೆಲಸದ ತಿರುಳು ಇಲ್ಲಿದೆ. ಆ್ಯಪ್‌ನ ವಾಲ್ಯೂಮ್ ಅಂತ ನಾವು ಹೇಳುತ್ತೇವೆ, ಆದರೆ ಪಲ್ಸ್‌ಗೆ ಆ್ಯಪ್ ಗೊತ್ತಿಲ್ಲ, ಸ್ಟ್ರೀಮ್ ಗೊತ್ತು. ಆ್ಯಪ್ ದನಿ ಹೊರಡಿಸಲು ಶುರು ಮಾಡಿದಾಗ ಒಂದು ಸ್ಟ್ರೀಮ್ ಹುಟ್ಟುತ್ತದೆ, ಅದಕ್ಕೊಂದು ನಂಬರ್ ಸಿಗುತ್ತದೆ. ಈ ನಂಬರ್ ಆಸ್ಪತ್ರೆಯ ಟೋಕನ್ ಇದ್ದ ಹಾಗೆ, ಅದೇ ಮನುಷ್ಯ ಮತ್ತೆ ಬಂದರೂ ಹೊಸದು. ಬ್ರೌಸರಿನಲ್ಲಿ ಎರಡು ಟ್ಯಾಬ್‌ನಿಂದ ದನಿ ಬರುತ್ತಿದ್ದರೆ ಎರಡು ಸ್ಟ್ರೀಮ್. ವಿಡಿಯೋ ನಿಲ್ಲಿಸಿ ಮುಂದಿನದಕ್ಕೆ ಹೋದರೆ ಹಳೆಯದು ಸತ್ತು ಹೊಸದು ಹುಟ್ಟಬಹುದು. ಹಾಗಾಗಿ ಸ್ಲೈಡರನ್ನು ನಂಬರಿಗೆ ಕಟ್ಟಿದರೆ ಕೆಲಸ ಕೆಡುತ್ತದೆ. ಹೆಸರಿಗೆ ಕಟ್ಟಬೇಕು, ಮತ್ತು ಆ ಹೆಸರಿನ ಎಲ್ಲ ಸ್ಟ್ರೀಮ್‌ಗಳಿಗೂ ಒಟ್ಟಿಗೆ ಅನ್ವಯಿಸಬೇಕು.

ಯಾವ ಹೆಸರು ಅನ್ನುವುದು ಮುಂದಿನ ತೊಡಕು. ಪಿಎ-ಸಿಟಿಎಲ್ ಆಜ್ಞೆಯಿಂದ ಸ್ಟ್ರೀಮ್‌ಗಳ ಪಟ್ಟಿ ತೆಗೆದರೆ ಒಂದೊಂದರ ಕೆಳಗೂ ಹತ್ತಾರು ಸಾಲು ಮಾಹಿತಿ ಇರುತ್ತದೆ. ಅದರಲ್ಲಿ ಅಪ್ಲಿಕೇಶನ್ ನೇಮ್ ಅಂತ ಒಂದು, ಪ್ರೊಸೆಸ್ ಬೈನರಿ, ಅಂದರೆ ಓಡುತ್ತಿರುವ ಪ್ರೋಗ್ರಾಮ್ ಫೈಲಿನ ಹೆಸರು, ಇನ್ನೊಂದು. ಮೊದಲನೆಯದೇ ಸಾಕು ಅನ್ನಿಸುತ್ತದೆ. ಆದರೆ ಡಿಸ್ಕಾರ್ಡ್‌ನ ಕಾಲ್ ತೆರೆದು ನೋಡಿ: ಅಪ್ಲಿಕೇಶನ್ ನೇಮ್ ಜಾಗದಲ್ಲಿ ವೆಬ್‌ಆರ್‌ಟಿಸಿ ವಾಯ್ಸ್‌ಎಂಜಿನ್ ಅಂತ ಇರುತ್ತದೆ. ಎಲೆಕ್ಟ್ರಾನ್ ಮೇಲೆ, ಅಂದರೆ ಒಳಗೆ ಕ್ರೋಮಿಯಂ ಬ್ರೌಸರ್ ಇಟ್ಟುಕೊಂಡು, ಕಟ್ಟಿದ ಎಷ್ಟೋ ಆ್ಯಪ್‌ಗಳು ತಮ್ಮನ್ನು ಕ್ರೋಮಿಯಂ ಅಂತಲೇ ಕರೆದುಕೊಳ್ಳುತ್ತವೆ. ಇಂಥ ಕಡೆ ಬೈನರಿ ನಿಜ ಹೇಳುತ್ತದೆ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಆಡುವ ಆಟಗಳಲ್ಲಿ ಇದು ತಿರುಗುಮುರುಗು. ಎಲ್ಲ ಆಟದ ಬೈನರಿಯೂ ವೈನ್‌ನ ಪ್ರೀಲೋಡರ್, ಅಪ್ಲಿಕೇಶನ್ ನೇಮ್‌ನಲ್ಲಿ ಆಟದ ಫೈಲ್ ಹೆಸರು.

ಹಾಗಾಗಿ ಸ್ಕ್ರಿಪ್ಟ್ ಎರಡನ್ನೂ ನೋಡುತ್ತದೆ. ಮೊದಲು ಬೈನರಿ. ಅದು ವೈನ್‌ನದ್ದಾಗಿದ್ದರೆ ಅಥವಾ ಪಟ್ಟಿಯಲ್ಲಿ ಸಿಗದಿದ್ದರೆ ಅಪ್ಲಿಕೇಶನ್ ನೇಮ್. ದೊಡ್ಡಕ್ಷರ ಸಣ್ಣಕ್ಷರ ಭೇದ ಬೇಡ. ಎರಡರಲ್ಲೂ ಸಿಗಲಿಲ್ಲ ಅಂದರೆ ಐದನೇ ಸ್ಲೈಡರ್, ಅಂದರೆ ಉಳಿದದ್ದೆಲ್ಲ. ಈ ಐದನೆಯದು ಇಲ್ಲದೆ ಪೆಟ್ಟಿಗೆ ಪೂರ್ತಿಯಾಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಆಟ ಹಾಕಿದರೂ ಹೊಸ ಪ್ಲೇಯರ್ ಹಾಕಿದರೂ ಸೆಟ್ಟಿಂಗ್ ಮುಟ್ಟದೆಯೇ ಅದರ ದನಿ ಕೈಗೆ ಸಿಗುತ್ತದೆ.

ಹೊಸ ಸ್ಟ್ರೀಮ್ ಹುಟ್ಟಿದ್ದು ಗೊತ್ತಾಗುವುದು ಹೇಗೆ? ಪಲ್ಸ್ ಪ್ರತಿ ಬದಲಾವಣೆಗೂ ಸುದ್ದಿ ಕಳಿಸುತ್ತದೆ, ಅದನ್ನು ಕೇಳುತ್ತಾ ಕೂರಬೇಕು. ಪೈಥಾನ್‌ನ ಪಲ್ಸ್‌ಸಿಟಿಎಲ್ ಲೈಬ್ರರಿಯಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಆದರೆ ಸುದ್ದಿ ಬಂದಾಗ ಓಡುವ ಫಂಕ್ಷನ್ ಒಳಗಿನಿಂದಲೇ ವಾಲ್ಯೂಮ್ ಬದಲಿಸುವ ಆಜ್ಞೆ ಕೊಡುವ ಹಾಗಿಲ್ಲ. ಅದಕ್ಕೆ ಎರಡು ಸಂಪರ್ಕ ತೆರೆದೆ. ಒಂದು ಬರೀ ಕೇಳುತ್ತದೆ, ಕೇಳಿದ್ದನ್ನು ಸಾಲಿನಲ್ಲಿ ಇಡುತ್ತದೆ. ಇನ್ನೊಂದು ಸಾಲಿನಿಂದ ತೆಗೆದು ಕೆಲಸ ಮಾಡುತ್ತದೆ. ಸ್ಲೈಡರ್ ಎಳೆಯುವಾಗ ಬರುವ ಅಂಕಿಗಳನ್ನು ಮಾತ್ರ ಸಾಲಿನಲ್ಲಿ ಪೇರಿಸುವುದಿಲ್ಲ. ಕೊನೆಯದೊಂದೇ ಸಾಕು, ನಡುವಿನವು ಹಳತಾದವು.

ನೋಟಿಫಿಕೇಶನ್‌ನ ಟಿಂಗ್ ಸದ್ದು ಅರ್ಧ ಸೆಕೆಂಡೂ ಬಾಳುವುದಿಲ್ಲ. ಸ್ಕ್ರಿಪ್ಟ್ ಅದರ ನಂಬರ್ ಹಿಡಿದು ಹೋಗುವಷ್ಟರಲ್ಲಿ ಸ್ಟ್ರೀಮ್ ಸತ್ತಿರುತ್ತದೆ, ಪಲ್ಸ್ ಅಂಥದ್ದೇನೂ ಇಲ್ಲ ಎನ್ನುತ್ತದೆ. ಈ ದೋಷವನ್ನು ಹಿಡಿದು ಸುಮ್ಮನೆ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಒಂದು ಟಿಂಗ್‌ಗೆ ಇಡೀ ಸ್ಕ್ರಿಪ್ಟ್ ನಿಂತುಹೋಗುತ್ತದೆ.

ಇನ್ನು ಬೇರೆಯವರು ವಾಲ್ಯೂಮ್ ಬದಲಿಸಿದರೆ? ವಿಎಲ್‌ಸಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಿಟಕಿಯಲ್ಲಿರುವ ಗೆರೆ ಪಲ್ಸ್‌ನ ಸ್ಟ್ರೀಮ್ ವಾಲ್ಯೂಮನ್ನೇ ಹಿಡಿದಿರುತ್ತದೆ. ಪೆಟ್ಟಿಗೆಯ ಸ್ಲೈಡರ್ ಎಳೆದರೆ ಪರದೆಯ ಮೇಲೆ ವಿಎಲ್‌ಸಿಯ ಗೆರೆಯೂ ಜೊತೆಗೇ ಜಾರುತ್ತದೆ, ನೋಡುವುದಕ್ಕೇ ಖುಷಿ. ಆದರೆ ಮೌಸ್ ಚಕ್ರ ತಿರುಗಿಸಿ ಅಲ್ಲಿ ಬದಲಿಸಿದರೆ ಪೆಟ್ಟಿಗೆಯ ಹಿಡಿ ಇದ್ದಲ್ಲೇ ಇರುತ್ತದೆ, ಅದಕ್ಕೆ ಮೋಟಾರ್ ಇಲ್ಲವಲ್ಲ. ಹಿಡಿ ಮತ್ತೆ ಆ ಮಟ್ಟ ದಾಟುವವರೆಗೆ ಕಾಯುವುದು ಒಂದು ದಾರಿ. ನಾನು ಆರಿಸಿದ್ದು ಇನ್ನೊಂದು: ಬದಲಾವಣೆಯ ಸುದ್ದಿ ಬಂದ ಕೂಡಲೇ ಸ್ಲೈಡರ್ ಹೇಳುವ ಮಟ್ಟಕ್ಕೆ ವಾಪಸ್ ತರುವುದು. ನಮ್ಮದೇ ಆಜ್ಞೆಗೂ ಬದಲಾವಣೆಯ ಸುದ್ದಿ ಬರುತ್ತದೆ, ಆದ್ದರಿಂದ ವ್ಯತ್ಯಾಸ ಶೇಕಡ 1ಕ್ಕಿಂತ ಕಡಿಮೆ ಇದ್ದರೆ ಏನೂ ಮಾಡಬಾರದು. ಇದಿಲ್ಲದಿದ್ದರೆ ಸ್ಕ್ರಿಪ್ಟ್ ತನ್ನ ನೆರಳಿಗೆ ತಾನೇ ಉತ್ತರ ಕೊಡುತ್ತಾ ಸುತ್ತುತ್ತದೆ.

ಕಿವಿಯ ಲೆಕ್ಕ

ಪಲ್ಸ್‌ನಲ್ಲಿ ಒಂದು ಸ್ಟ್ರೀಮನ್ನು ಅರ್ಧಕ್ಕೆ ಇಟ್ಟು ಪಟ್ಟಿ ತೆಗೆದರೆ ಹೀಗೆ ಕಾಣುತ್ತದೆ: 32768, ಶೇಕಡ 50, ಮೈನಸ್ 18.06 ಡೆಸಿಬೆಲ್. ಅರ್ಧ ಅಂದರೆ ಮೈನಸ್ 6 ಆಗಬೇಕಿತ್ತಲ್ಲ ಅಂತ ಲೆಕ್ಕ ಗೊತ್ತಿದ್ದವರು ಕೇಳಬಹುದು. ತರಂಗದ ಎತ್ತರವನ್ನು ಅರ್ಧ ಮಾಡಿದರೆ 6 ಡೆಸಿಬೆಲ್ ಇಳಿಯುವುದು ನಿಜ. ಆದರೆ ಕಿವಿಗೆ ಅದು ಅರ್ಧ ಅನ್ನಿಸುವುದಿಲ್ಲ, ಸುಮಾರು 10 ಡೆಸಿಬೆಲ್ ಇಳಿದಾಗ ಅರ್ಧ ಅನ್ನಿಸುತ್ತದೆ. ಅದಕ್ಕೇ ಪಲ್ಸ್ ನಾವು ಕೊಟ್ಟ ಪ್ರಮಾಣವನ್ನು ಘನ ಮಾಡಿ, ಅಂದರೆ ಅದನ್ನೇ ಮೂರು ಸಲ ಇಟ್ಟು ಗುಣಿಸಿ, ತರಂಗಕ್ಕೆ ಹಾಕುತ್ತದೆ. ಶೇಕಡ 75ಕ್ಕೆ ಮೈನಸ್ 7.5, ಶೇಕಡ 25ಕ್ಕೆ ಮೈನಸ್ 36. ಹಿಡಿ ಮೇಲಿನಿಂದ ಕೆಳಗೆ ಬರುವಾಗ ದನಿ ಒಂದೇ ಹದದಲ್ಲಿ ಇಳಿಯುತ್ತಾ ಹೋಗುತ್ತದೆ.

ಈಗ ಲಾಗ್ ಪಾಟ್ ಹಾಕಿದ್ದರೆ ಏನಾಗುತ್ತಿತ್ತು ನೋಡಿ. ಹಿಡಿ ಸರಿಯಾಗಿ ನಡುವೆ ಇದ್ದಾಗ ಅಂಥ ಪಾಟ್ ಶೇಕಡ 15ರ ಆಸುಪಾಸು ಓದುತ್ತದೆ. ಪಲ್ಸ್‌ನ ಘನದ ಮೇಲೆ ಅದು ಸುಮಾರು ಮೈನಸ್ 49 ಡೆಸಿಬೆಲ್. ನಡುವಿನಲ್ಲೇ ದನಿ ಸತ್ತಂತೆ, ಕೆಳಗಿನ 30 ಮಿಲಿಮೀಟರ್ ಪೂರ್ತಿ ದಂಡ. ಕಿವಿಗೆ ತಕ್ಕ ಬಾಗು ಒಂದು ಕಡೆ ಮಾತ್ರ ಇರಬೇಕು. ತಂತ್ರಾಂಶದಲ್ಲಿ ಅದು ಇದ್ದಮೇಲೆ ಪಾಟ್ ನೆಟ್ಟಗಿರಬೇಕು.

ಮೇಲಿನ ತುದಿಯನ್ನು ಶೇಕಡ 100ಕ್ಕೇ ಕಟ್ಟಿದ್ದೇನೆ. ಪಲ್ಸ್ ಅದಕ್ಕೂ ಮೇಲೆ ಹೋಗಲು ಬಿಡುತ್ತದೆ. ಪಾವುಕಂಟ್ರೋಲ್ ಎಂಬ ಪಲ್ಸ್ ಮಿಕ್ಸರ್‌ನ ಗೆರೆ ಶೇಕಡ 153ರವರೆಗೆ, ಅಂದರೆ 11 ಡೆಸಿಬೆಲ್ ಮೇಲಕ್ಕೆ ಹೋಗುತ್ತದೆ. ಅಲ್ಲಿ ದನಿ ಒಡೆಯುವ ಸಾಧ್ಯತೆ ಜಾಸ್ತಿ. ಕಾಲ್ ಕೇಳದಿದ್ದರೆ ಅದನ್ನು ಹಿಗ್ಗಿಸುವುದಕ್ಕಿಂತ ಉಳಿದದ್ದನ್ನು ಇಳಿಸಿ, ಮೊದಲ ಸ್ಲೈಡರ್ ಏರಿಸುವುದು ಮೇಲು. ಈ ಪೆಟ್ಟಿಗೆಯಲ್ಲಿ ಅದು ಎರಡು ಬೆರಳಿನ ಕೆಲಸ.

ಹಳೆಯ ಪಲ್ಸ್‌ಆಡಿಯೋ ಬಳಸುವವರು ಫ್ಲಾಟ್ ವಾಲ್ಯೂಮ್ಸ್ ಎಂಬ ಸೆಟ್ಟಿಂಗ್ ನೋಡಿಕೊಳ್ಳಿ. ಅದು ಆನ್ ಇದ್ದರೆ ಒಂದು ಆ್ಯಪ್ ಏರಿಸಿದಾಗ ಇಡೀ ಕಂಪ್ಯೂಟರಿನ ದನಿಯೂ ಏರಬಹುದು, ನಮ್ಮ ನಿಯಮ ಮುರಿದು ಬೀಳುತ್ತದೆ. ಡೀಮನ್ ಕಾನ್ಫ್ ಫೈಲಿನಲ್ಲಿ ನೋ ಅಂತ ಹಾಕಿ. ಪೈಪ್‌ವೈರ್‌ನಲ್ಲಿ ಈ ಗೊಡವೆ ಇಲ್ಲ.

ನಿಯಮಕ್ಕೆ ಒಂದು ವಿನಾಯಿತಿ ಕೊಟ್ಟಿದ್ದೇನೆ, ಹೆಡ್‌ಫೋನ್‌ಗೆ. ಮೊದಲ ಸ್ಲೈಡರ್ ಯಾವಾಗಲೂ ಆ ಹೊತ್ತಿನ ಡೀಫಾಲ್ಟ್ ಸಾಧನವನ್ನು ಹಿಡಿಯುತ್ತದೆ. ಸ್ಪೀಕರ್‌ಗೆ ಅಂತ ಮೇಲಿಟ್ಟ ಸ್ಲೈಡರ್ ಬ್ಲೂಟೂತ್ ಹೆಡ್‌ಸೆಟ್ ಸೇರಿದ ಕೂಡಲೇ ಅದೇ ಮಟ್ಟವನ್ನು ಕಿವಿಗೆ ಹಾಕಿದರೆ ಪೆಟ್ಟು. ಅದಕ್ಕೆ ಸಾಧನಕ್ಕೊಂದು ಮೇಲ್ಮಿತಿ ಬರೆದಿದ್ದೇನೆ: ಹೆಡ್‌ಸೆಟ್ ಇದ್ದಾಗ ಸ್ಲೈಡರ್ ಪೂರ್ತಿ ಮೇಲೆ ಅಂದರೆ ಶೇಕಡ 70. ಈ ಅಂಕಿ ನನ್ನ ಹೆಡ್‌ಸೆಟ್‌ಗೆ ಹೊಂದಿದ್ದು, ನಿಮ್ಮದಕ್ಕೆ ಕಡಿಮೆಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ.

ಉಳಿದ ಕೆಲಸ

ಸ್ಕ್ರಿಪ್ಟನ್ನು ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಯೂಸರ್ ಸರ್ವೀಸ್ ಆಗಿ ಹಾಕಿದ್ದೇನೆ, ಲಾಗಿನ್ ಆದಾಗ ತಾನೇ ಶುರುವಾಗುತ್ತದೆ. ಕೇಬಲ್ ಕಿತ್ತರೆ ಸ್ಕ್ರಿಪ್ಟ್ ಸಾಯದೆ, ಎರಡೆರಡು ಸೆಕೆಂಡಿಗೆ ಪೋರ್ಟ್ ಬಂತಾ ಅಂತ ನೋಡುತ್ತಿರುತ್ತದೆ. ಕಿತ್ತಾಗ ವಾಲ್ಯೂಮ್‌ಗಳನ್ನು ಮುಟ್ಟುವುದಿಲ್ಲ, ಮತ್ತೆ ಸಿಕ್ಕಿಸಿದಾಗ ಸ್ಲೈಡರ್ ಇರುವ ಮಟ್ಟಕ್ಕೆ ಎಲ್ಲವೂ ಬಂದು ಕೂರುತ್ತವೆ.

ಮುಂದಿರುವ ಕಿಟಕಿಯ ಆ್ಯಪ್‌ಗೆ ಒಂದು ಸ್ಲೈಡರ್ ಇರಲಿ ಅನ್ನುವ ಆಸೆ ಇತ್ತು. ಲಿನಕ್ಸ್‌ನಲ್ಲಿ ಪರದೆಯ ಕಿಟಕಿಗಳನ್ನು ತೋರಿಸುವ ವೇಲ್ಯಾಂಡ್‌ನಲ್ಲಿ ಯಾವ ಕಿಟಕಿ ಮುಂದಿದೆ ಅಂತ ಹೊರಗಿನ ಸ್ಕ್ರಿಪ್ಟಿಗೆ ಸುಲಭವಾಗಿ ಹೇಳುವುದಿಲ್ಲ, ಡೆಸ್ಕ್‌ಟಾಪ್‌ಗೊಂದು ಬೇರೆ ದಾರಿ ಹುಡುಕಬೇಕು. ಸದ್ಯಕ್ಕೆ ಬಿಟ್ಟಿದ್ದೇನೆ. ಮೈಕ್‌ಗೂ ಸ್ಲೈಡರ್ ಕೊಟ್ಟಿಲ್ಲ. ಮೈಕ್‌ಗೆ ಬೇಕಾದದ್ದು ಏರಿಳಿತ ಅಲ್ಲ, ಆನ್ ಮತ್ತು ಆಫ್. ಅದಕ್ಕೊಂದು ಗಟ್ಟಿ ಸ್ವಿಚ್ ಮತ್ತು ಕೆಂಪು ಎಲ್‌ಇಡಿ ಹಾಕುವುದು ಮುಂದಿನ ಕೆಲಸ. ಡಿ2 ಪಿನ್ ಅದಕ್ಕೆ ಖಾಲಿ ಇದೆ, ಡಬ್ಬಿಯ ಬಲಗಡೆ ಜಾಗವೂ ಬಿಟ್ಟಿದ್ದೇನೆ.

ವಿಂಡೋಸ್‌ನವರಿಗೆ ಪೈಕಾ ಎಂಬ ಪೈಥಾನ್ ಲೈಬ್ರರಿ ಇದೆ. ಅಲ್ಲಿ ಸ್ಟ್ರೀಮ್ ಬದಲು ಸೆಷನ್ ಅನ್ನುತ್ತಾರೆ, ಒಂದೊಂದಕ್ಕೂ ಪ್ರೊಸೆಸ್‌ನ ಹೆಸರು ಸಿಗುತ್ತದೆ, ವಾಲ್ಯೂಮ್ 0.0ಯಿಂದ 1.0. ಕಂಪ್ಯೂಟರ್ ಕಡೆಯ ಸ್ಕ್ರಿಪ್ಟ್ ಅಷ್ಟೇ ಬೇರೆ ಬರೆಯಬೇಕು. ನ್ಯಾನೋ ಅದೇ ಐದು ಅಂಕಿಗಳ ಸಾಲು ಕಳಿಸುತ್ತಿರುತ್ತದೆ, ಅದರ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ.